ಬೇರೆ ದೇಶಕ್ಕೆ ಮನೆ ಸಾಗಿಸುವಾಗ: ಏನು ಕೈಯಲ್ಲಿ, ಏನು ಹಡಗಲ್ಲಿ, ಏನು ಬೇಡವೇ ಬೇಡ?

ಪ್ರಶ್ನೆ: ಇನ್ನು ಮೂರು ತಿಂಗಳಲ್ಲಿ ನಾವು ನಾಲ್ವರು ಬೇರೆ ದೇಶಕ್ಕೆ ಹೋಗಿ ನೆಲೆಸುತ್ತಿದ್ದೇವೆ. ಸದ್ಯಕ್ಕೆ ವಾಪಸ್ ಬರುವ ಯೋಚನೆ ಇಲ್ಲ. ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ಫ್ರಿಜ್, ವಾಷಿಂಗ್ ಮಷಿನ್, ಸೋಫಾ, ಮರದ ಮಂಚ, ಆರುನೂರರಷ್ಟು ಪುಸ್ತಕ, ಅಮ್ಮನ ಹೊಲಿಗೆ ಯಂತ್ರ, ಹೀಗೆ ಮನೆ ತುಂಬ ಸಾಮಾನು ಇದೆ. ಎಲ್ಲವನ್ನೂ ಕಂಟೇನರ್‌ನಲ್ಲಿ ಕಳಿಸೋಣ ಅಂತ ನಮ್ಮವರು. ಸೂಟ್‌ಕೇಸ್ ಬಿಟ್ಟು ಏನೂ ಬೇಡ ಅಂತ ನಾನು. ಯಾವುದನ್ನು ತೆಗೆದುಕೊಂಡು ಹೋಗಬೇಕು ಅಂತ ಹೇಗೆ ತೀರ್ಮಾನ ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಫ್ರಿಜ್ ಇದೆ, ಸೋಫಾ ಇದೆ, ಮಂಚ ಇದೆ. ಮಕ್ಕಳ ಲಸಿಕೆ ದಾಖಲೆ ಇಲ್ಲ. ನಿಮ್ಮ ಪದವಿ ಪತ್ರ ಇಲ್ಲ. ಬ್ಯಾಂಕಿಗೆ ಕೊಟ್ಟ ಫೋನ್ ನಂಬರಿನ ಮಾತೂ ಇಲ್ಲ. ಹೊರಡುವ ಮುಂಚೆ ಎಲ್ಲರ ಕಣ್ಣಿಗೂ ದೊಡ್ಡ ಸಾಮಾನೇ ಬೀಳುತ್ತದೆ, ಅದು ಸಹಜ. ಆದರೆ ಅಲ್ಲಿ ಇಳಿದ ಮೇಲೆ ಸೋಫಾ ಇಲ್ಲ ಅಂತ ಯಾರೂ ನನಗೆ ಫೋನ್ ಮಾಡಿದ್ದಿಲ್ಲ. ಯಾವುದೋ ಕಾಗದ ಸಿಗುತ್ತಿಲ್ಲ, ಮಾತ್ರೆಗೆ ಚೀಟಿ ಇಲ್ಲ, ಓಟಿಪಿ ಬರುತ್ತಿಲ್ಲ ಅಂತ ಮಾಡುತ್ತಾರೆ. ಮನೆ ಸಾಗಣೆಯ ಕೆಲಸದಲ್ಲಿ ಇದನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ.

ಅದಕ್ಕೇ ನಿಮ್ಮಿಬ್ಬರ ಚರ್ಚೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಪ್ರತಿ ವಸ್ತುವಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಿ. ಇದು ಕಳೆದುಹೋದರೆ ಅಲ್ಲಿ ಮತ್ತೆ ಸಿಗುತ್ತಾ? ಇದು ನಮಗೆ ಯಾವಾಗ ಬೇಕು, ಇಳಿದ ದಿನವೇ, ಮೊದಲ ಎರಡು ಮೂರು ತಿಂಗಳಲ್ಲೇ, ಅಥವಾ ನೆಲೆಯಾಗಿ ಒಂದು ಮನೆ ಸಿಕ್ಕ ಮೇಲೆ? ಬೆಲೆ ಎಷ್ಟು, ಎಷ್ಟು ಆಸೆಪಟ್ಟು ಕೊಂಡಿದ್ದು ಅನ್ನುವುದೆಲ್ಲ ಆಮೇಲೆ. ಈ ಎರಡು ಪ್ರಶ್ನೆ ಹಾಕಿದರೆ ಅರ್ಧ ಮನೆ ತಾನಾಗೇ ಬೇರೆ ಬೇರೆ ಗುಂಪಾಗುತ್ತದೆ.

ಮೊದಲು ಕಾಗದ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ದೂರ ಹೋದ ಮೇಲೆ ಸರಿಮಾಡಲು ಕಷ್ಟವಾಗುವುದು ಇದೊಂದೇ. ನಾಲ್ವರ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪದವಿ ಪತ್ರ, ಎಲ್ಲ ವರ್ಷದ ಅಂಕಪಟ್ಟಿ, ಕೆಲಸದ ಅನುಭವ ಪತ್ರ, ಇವೆಲ್ಲದರ ಮೂಲ ಪ್ರತಿ ನಿಮ್ಮ ಕೈಯಲ್ಲಿರಬೇಕು. ಇವುಗಳನ್ನು ಬೇರೆ ದೇಶದ ಕಚೇರಿ ನಂಬಬೇಕಾದರೆ ಅಪೊಸ್ಟಿಲ್ ಅನ್ನುವ ದೃಢೀಕರಣ ಕೇಳಬಹುದು. 1961ರ ಹೇಗ್ ಒಪ್ಪಂದದಿಂದ ಬಂದ ವ್ಯವಸ್ಥೆ ಇದು. ನೂರಿಪ್ಪತ್ತಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಚೀನಾ 2023ರ ನವೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಸೇರಿಕೊಂಡವು. ನೆನಪಿಡಬೇಕಾದ್ದು ಇಷ್ಟೇ: ಕಾಗದ ಯಾವ ದೇಶದ್ದೋ ಆ ದೇಶವೇ ಅಪೊಸ್ಟಿಲ್ ಹಾಕಬೇಕು. ನೀವು ಹೋಗಿ ಸೇರಿದ ದೇಶ ಅದನ್ನು ಹಾಕಿಕೊಡುವುದಿಲ್ಲ. ಒಪ್ಪಂದದಲ್ಲಿ ಇಲ್ಲದ ದೇಶಕ್ಕೆ ಹೋಗುವುದಾದರೆ ರಾಯಭಾರ ಕಚೇರಿಯ ಮೂಲಕ ದೃಢೀಕರಣ ಆಗಬೇಕು, ಅದಕ್ಕೆ ಇನ್ನೂ ಸಮಯ ಹಿಡಿಯುತ್ತದೆ. ಮೂರು ತಿಂಗಳಿದೆ ಅಂದಿರಿ. ಈ ಕೆಲಸ ಈ ವಾರವೇ ಶುರುವಾಗಲಿ.

ಮಕ್ಕಳಿಗೆ ಶಾಲೆಯ ವರ್ಗಾವಣೆ ಪತ್ರ, ಹಿಂದಿನ ಎರಡು ವರ್ಷದ ಅಂಕಪಟ್ಟಿ, ತಾರೀಖು ಸಮೇತ ಲಸಿಕೆ ದಾಖಲೆ ಬೇಕು. "ಎಲ್ಲ ಹಾಕಿಸಿದ್ದೇವೆ" ಅನ್ನುವ ಬಾಯಿಮಾತು ನಡೆಯುವುದಿಲ್ಲ. ದಾಖಲೆ ಇಲ್ಲದಿದ್ದರೆ ಪಾಪ, ಮಗುವಿಗೆ ಅದೇ ಚುಚ್ಚುಮದ್ದು ಇನ್ನೊಮ್ಮೆ ಹಾಕಿಸಬೇಕಾಗಬಹುದು. ದೊಡ್ಡವರಿಗೆ ಕಾಯಿಲೆ ಇದ್ದರೆ ವೈದ್ಯರಿಂದ ಒಂದೆರಡು ಪುಟದ ಸಾರಾಂಶ ಬರೆಸಿಕೊಳ್ಳಿ. ಕನ್ನಡಕದ ನಂಬರ್, ಹಲ್ಲಿನ ಎಕ್ಸ್‌ರೇ ಕೂಡ ಇರಲಿ. ವಾಹನ ವಿಮೆ ಇದ್ದರೆ, ಇಷ್ಟು ವರ್ಷ ಕ್ಲೇಮ್ ಮಾಡಿಲ್ಲ ಅಂತ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಳ್ಳಿ. ಅಲ್ಲಿ ಕಾರು ಕೊಂಡಾಗ ಪ್ರೀಮಿಯಂ ಕಡಿಮೆಯಾಗಲು ಅದು ನೆರವಾಗಬಹುದು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಬೇಕು.

ಕಾಗದದ ಜೊತೆಗೇ ಫೋನ್ ನಂಬರಿನ ವಿಷಯ. ಬ್ಯಾಂಕು, ತೆರಿಗೆ, ಇಮೇಲ್ ಎಲ್ಲದರ ಓಟಿಪಿ ಹಳೆಯ ನಂಬರಿಗೇ ಬರುತ್ತದೆ ಅಲ್ವಾ? ಹೊರಟ ತಿಂಗಳಲ್ಲೇ ಆ ಸಿಮ್ ನಿಂತರೆ ನಿಮ್ಮ ಹಣ ನಿಮ್ಮ ಕೈಗೇ ಸಿಗುವುದಿಲ್ಲ. ಕಡಿಮೆ ಖರ್ಚಿನ ಪ್ಲಾನ್‌ಗೆ ಬದಲಿಸಿ ಆ ನಂಬರ್ ಉಳಿಸಿಕೊಳ್ಳಿ. ಎಲ್ಲೆಲ್ಲಿ ಆಗುತ್ತದೋ ಅಲ್ಲಿ, ಎಸ್ಸೆಮ್ಮೆಸ್ ಇಲ್ಲದೆ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಹೋಗಿ. ಹಿಂದೆ ಆಸ್ತಿಯೋ ಬ್ಯಾಂಕ್ ವ್ಯವಹಾರವೋ ಉಳಿಯುವುದಾದರೆ, ನಂಬುವ ಒಬ್ಬರ ಹೆಸರಿಗೆ ಅಧಿಕಾರ ಪತ್ರವನ್ನು ನೀವಿಲ್ಲಿರುವಾಗಲೇ ಮಾಡಿಕೊಡಿ.

ಈ ಎಲ್ಲ ಕಾಗದದ ಮೂಲ ಪ್ರತಿ ವಿಮಾನದಲ್ಲಿ ನಿಮ್ಮ ಜೊತೆ ಒಳಗೆ ಬರುವ ಚೀಲದಲ್ಲಿರಲಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ, ಹಡಗಿನಲ್ಲಂತೂ ಬೇಡವೇ ಬೇಡ. ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟಿರಿ. ಒಂದು ಆನ್‌ಲೈನ್, ಇನ್ನೊಂದು ಪೆನ್‌ಡ್ರೈವ್.

ಅದೇ ಚೀಲದಲ್ಲಿ ಔಷಧ. ಮೂಲ ಪ್ಯಾಕಿನಲ್ಲೇ ಇರಲಿ, ಡಬ್ಬಿಗೆ ಸುರಿದುಕೊಳ್ಳಬೇಡಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಬೇಕು. ಒಂದೇ ಔಷಧಕ್ಕೆ ದೇಶದಿಂದ ದೇಶಕ್ಕೆ ಹೆಸರು ಬೇರೆ: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಾಮಿನೋಫೆನ್, ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಎಷ್ಟು ತಿಂಗಳ ಔಷಧ ಒಯ್ಯಬಹುದು ಅನ್ನುವುದಕ್ಕೂ ಪ್ರತಿ ದೇಶಕ್ಕೆ ಮಿತಿ ಇದೆ. ಕೆಲವು ಔಷಧಕ್ಕೆ ಪ್ರವೇಶವೇ ಇಲ್ಲ. ಜಪಾನಿಗೆ ಆಂಫೆಟಮಿನ್ ಇರುವ ಔಷಧವನ್ನು ವೈದ್ಯರ ಚೀಟಿ ಇದ್ದರೂ ಒಯ್ಯುವಂತಿಲ್ಲ. ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇರುವ ನೆಗಡಿ ಮಾತ್ರೆಯನ್ನು ಮುಂಚೆಯೇ ಅನುಮತಿ ಪಡೆಯದೆ ಒಯ್ಯುವಂತಿಲ್ಲ. ನೋವಿನ, ನಿದ್ದೆಯ, ಮನಸ್ಸಿನ ತೊಂದರೆಯ ಔಷಧ ಯಾವುದಿದ್ದರೂ ಆ ದೇಶದ ರಾಯಭಾರ ಕಚೇರಿಯ ನಿಯಮ ಓದದೆ ಚೀಲಕ್ಕೆ ಹಾಕಬೇಡಿ.

ಪವರ್‌ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೂಡ ಕೈಚೀಲಕ್ಕೇ. ಚೆಕ್-ಇನ್ ಲಗೇಜಿನಲ್ಲಿ ಅವಕ್ಕೆ ಅವಕಾಶ ಇಲ್ಲ. 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ತನಕ ಸಾಮಾನ್ಯವಾಗಿ ತೊಂದರೆ ಇಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. 20,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್, ಅದು ನಡೆಯುತ್ತದೆ.

ಇನ್ನು ಕರೆಂಟಿನ ಸಾಮಾನು. ಇಲ್ಲಿ ವಾದಕ್ಕೆ ಜಾಗವೇ ಇಲ್ಲ, ಹಿಂಬದಿಯ ಚೀಟಿ ನೋಡಿದರೆ ಸಾಕು. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ ಸಾಮಾನ್ಯವಾಗಿ 100-240 ವೋಲ್ಟ್, 50/60 ಹರ್ಟ್ಸ್ ಅಂತ ಬರೆದಿರುತ್ತದೆ. ಅವು ಎಲ್ಲಿ ಬೇಕಾದರೂ ನಡೆಯುತ್ತವೆ, ಪಿನ್ ಬದಲಿಸುವ ಅಡಾಪ್ಟರ್ ಒಂದಿದ್ದರೆ ಆಯಿತು. ಆದರೆ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಬದಲಿಸುವುದಿಲ್ಲ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಅದರಲ್ಲೂ ಪೂರ್ವ ಭಾಗಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಯುರೋಪು, ಆಸ್ಟ್ರೇಲಿಯಾದಲ್ಲಿ 230 ವೋಲ್ಟಿನ ಆಸುಪಾಸು, 50 ಹರ್ಟ್ಸ್. 230 ವೋಲ್ಟಿಗೆ ಮಾಡಿದ ಇಸ್ತ್ರಿ ಪೆಟ್ಟಿಗೆಯನ್ನು 120ಕ್ಕೆ ಹಾಕಿದರೆ ಅದರ ಶಕ್ತಿ ಕಾಲುಭಾಗದ ಹತ್ತಿರಕ್ಕೆ ಇಳಿಯುತ್ತದೆ. ತಿರುಗುಮುರುಗಾದರೆ ಸುಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ಬಿಸಿ ಮಾಡುವ ಸಾಧನಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಆ ಸಾಧನಕ್ಕಿಂತ ಭಾರ ಇರುತ್ತದೆ. ಸುಮ್ನೆ ತಲೆನೋವು.

ಹೊಂದುವ ವೋಲ್ಟೇಜ್ ಇದ್ದರೂ ಫ್ರಿಜ್, ವಾಷಿಂಗ್ ಮಷಿನ್ ಒಯ್ಯಬೇಡಿ ಅಂತಲೇ ನನ್ನ ಸಲಹೆ. ವಾರಂಟಿ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಬಿಡಿಭಾಗ ಸಿಗುವ ಭರವಸೆ ಇಲ್ಲ. ಅಲ್ಲಿನ ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಬಿಟ್ಟ ಜಾಗದ ಅಳತೆಯೇ ಬೇರೆ ಇರಬಹುದು. ಬಾಡಿಗೆ ಮನೆಯಲ್ಲಿ ಅವೆಲ್ಲ ಮೊದಲೇ ಇರಲೂಬಹುದು.

ಈಗ ನಿಮ್ಮವರು ಹೇಳುವ ಕಂಟೇನರ್‌ಗೆ ಬರೋಣ. ವಿಮಾನ ಮತ್ತು ಹಡಗು ಬೇರೆ ಬೇರೆ ರೀತಿಯಲ್ಲಿ ಹಣ ಲೆಕ್ಕ ಹಾಕುತ್ತವೆ. ಇದು ಗೊತ್ತಾದರೆ ಬಹಳಷ್ಟು ತೀರ್ಮಾನ ಸುಲಭ. ಮನೆ ಸಾಮಾನಿಗೆ ಹಡಗಿನಲ್ಲಿ ಮುಖ್ಯವಾಗಿ ಜಾಗದ ಲೆಕ್ಕ, ಅಂದರೆ ಘನ ಮೀಟರ್. ಇಪ್ಪತ್ತು ಅಡಿ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್, ನಲವತ್ತು ಅಡಿಯದರಲ್ಲಿ ಸುಮಾರು 67. ಪೂರ್ತಿ ಕಂಟೇನರ್ ಬೇಡದವರು ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡು ಕಳಿಸಬಹುದು. ವಿಮಾನ ಸರಕಿನಲ್ಲಿ ತೂಕ ಮತ್ತು ಗಾತ್ರ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 6000ದಿಂದ ಭಾಗಿಸುತ್ತಾರೆ. 60, 50, 40 ಅಳತೆಯ ಪೆಟ್ಟಿಗೆಗೆ ಅದು 20 ಕೆಜಿ ಆಯಿತು. ಒಳಗೆ ಆರೇ ಕೆಜಿಯ ರಜಾಯಿ ಇದ್ದರೂ 20 ಕೆಜಿಯ ದುಡ್ಡು ಕೊಡಬೇಕು.

ನಿಮ್ಮ ಸೋಫಾ ಎರಡು ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ ಮತ್ತು ಎತ್ತರ ಅಂದುಕೊಳ್ಳಿ. ಸುತ್ತುವ ಮುಂಚೆಯೇ 1.6 ಘನ ಮೀಟರ್ ಆಯಿತು. ಸಾಧಾರಣ ಗಾತ್ರದ ಆರುನೂರು ಪುಸ್ತಕ ಪೆಟ್ಟಿಗೆಗೆ ತುಂಬಿದರೆ ಹೆಚ್ಚುಕಡಿಮೆ ಅರ್ಧ ಘನ ಮೀಟರ್. ಆದರೆ ತೂಕ ಇನ್ನೂರು ಕೆಜಿ ದಾಟುತ್ತದೆ. ಅಂದರೆ ವಿಮಾನದಲ್ಲಿ ಅಸಾಧ್ಯ ಅನ್ನಿಸುವ ಪುಸ್ತಕಗಳು ಹಡಗಿನಲ್ಲಿ ಸೋಫಾದ ಮೂರನೇ ಒಂದು ಭಾಗದ ಜಾಗದಲ್ಲಿ ಕೂತುಬಿಡುತ್ತವೆ. ಪುಸ್ತಕಪ್ರೇಮಿಗಳು ಮೊದಲು ಬಿಟ್ಟುಬರುವುದು ಪುಸ್ತಕವನ್ನೇ, ಭಾರ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿ, ಒಬ್ಬರು ಎತ್ತುವಷ್ಟು ಮಾತ್ರ.

ದರ ಕೇಳುವಾಗ ಕನಿಷ್ಠ ಮೂರು ಕಂಪನಿಯವರನ್ನು ಮನೆಗೆ ಕರೆಸಿ ಅಳತೆ ಮಾಡಿಸಿ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅನ್ನುವ ದರವನ್ನೇ ಬರವಣಿಗೆಯಲ್ಲಿ ಕೇಳಿ. ತುಂಬ ಕಡಿಮೆ ಅನ್ನಿಸುವ ದರ ಹೆಚ್ಚಾಗಿ ಬಂದರಿನ ತನಕದ್ದು ಮಾತ್ರ. ಅಲ್ಲಿಂದ ಮುಂದೆ ಟರ್ಮಿನಲ್ ಶುಲ್ಕ, ಕಸ್ಟಮ್ಸ್ ಕೆಲಸದ ಶುಲ್ಕ, ತಡವಾದರೆ ದಿನದ ಬಾಡಿಗೆ, ಮನೆಗೆ ತಲುಪಿಸುವ ಲಾರಿ ಎಲ್ಲ ನಿಮ್ಮ ತಲೆ ಮೇಲೆ. ಅಂತರರಾಷ್ಟ್ರೀಯ ಮನೆ ಸಾಗಣೆದಾರರ ಒಕ್ಕೂಟ ಫಿಡಿ 1950ರಿಂದ ಇದೆ. ಅದರ ಫೇಮ್ ಪ್ರಮಾಣಪತ್ರ ಕಂಪನಿಗೆ ಇದೆಯಾ ಅಂತ ವಿಚಾರಿಸಿ.

ಹಡಗಿಗೆ ಹಾಕಿದ ಸಾಮಾನು ಎರಡು ಮೂರು ತಿಂಗಳು ಕಣ್ಣಿಗೆ ಬೀಳುವುದಿಲ್ಲ ಅಂದುಕೊಂಡೇ ತುಂಬಬೇಕು. 2021ರ ಮಾರ್ಚ್ 23ರಂದು ಎವರ್ ಗಿವನ್ ಅನ್ನುವ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದು ನೆನಪಿರಬಹುದು. ಆರು ದಿನಕ್ಕೆ ಬಿಡಿಸಿದರು. ಆದರೆ ಪರಿಹಾರದ ಜಗಳದಿಂದ ಆ ಹಡಗು, ಅದರ ಮೇಲಿದ್ದ ಕಂಟೇನರ್‌ಗಳ ಸಮೇತ, ಜುಲೈ ತನಕ ಅಲ್ಲೇ ನಿಂತಿತ್ತು. ಅಷ್ಟೇ ಅಲ್ಲ, ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗನ್ನು ಉಳಿಸಲು ಆದ ಖರ್ಚನ್ನು ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕು ಅನ್ನುವ ಹಳೆಯ ಕಡಲ ನಿಯಮ ಅದು. ನಿಮ್ಮ ಸಾಮಾನಿಗೆ ಒಂದು ಗೀರೂ ಬಿದ್ದಿರದಿದ್ದರೂ ಪಾಲು ಕೊಡಬೇಕಾಗುತ್ತದೆ. ಸಾಗಣೆ ವಿಮೆ ಮಾಡಿಸುವಾಗ ಇದು ಅದರಲ್ಲಿ ಸೇರಿದೆಯಾ ಅಂತ ಕೇಳಿಯೇ ಸಹಿ ಹಾಕಿ. ಇನ್ನೊಂದು ಮಾತು: ನೀವೇ ತುಂಬಿದ ಪೆಟ್ಟಿಗೆಯೊಳಗೆ ಏನಾದರೂ ಒಡೆದರೆ ಹಲವು ವಿಮೆಗಳು ಹಣ ಕೊಡುವುದಿಲ್ಲ. ಗಾಜು, ಪಿಂಗಾಣಿಯನ್ನು ಕಂಪನಿಯವರೇ ತುಂಬಲಿ.

ಕಸ್ಟಮ್ಸ್ ವಿಷಯದಲ್ಲಿ ಜನ ಎಡವುವುದು ಹೊಸ ವಸ್ತುಗಳಲ್ಲಿ. ಹೊರಡುವ ಮುಂಚೆ ಹೊಸ ಪಾತ್ರೆ, ಹೊಸ ಟಿವಿ, ಹೊಸ ಸೂಟು ಅಂತ ಕೊಳ್ಳುತ್ತಾರೆ. ನೆಲೆಸಲು ಹೋಗುವವರಿಗೆ ಸುಂಕ ವಿನಾಯಿತಿ ಇರುವುದು ಸಾಮಾನ್ಯವಾಗಿ ಬಳಸಿದ ಮನೆ ಸಾಮಾನಿಗೆ. ಐರೋಪ್ಯ ಒಕ್ಕೂಟದಲ್ಲಿ ಕನಿಷ್ಠ 6 ತಿಂಗಳು ಬಳಸಿರಬೇಕು, ನೀವು ಅದರ ಹೊರಗೆ ಕನಿಷ್ಠ 12 ತಿಂಗಳು ವಾಸ ಇದ್ದಿರಬೇಕು, ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಅಮೆರಿಕಕ್ಕೆ ಒಂದು ವರ್ಷ ಬಳಸಿದ್ದಾಗಿರಬೇಕು. ಕೆನಡಾಕ್ಕೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು: ಹಿಂದಿನಿಂದ ಬರುವ ಸಾಮಾನಿನ ಪಟ್ಟಿಯನ್ನು ಮೊದಲ ಸಲ ಇಳಿದಾಗಲೇ ಗಡಿ ಅಧಿಕಾರಿಗೆ ಕೊಡಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಆಮೇಲೆ ಸುಂಕ ಬೀಳಬಹುದು. ಪಟ್ಟಿ ಬರೆಯುವಾಗ ಪೆಟ್ಟಿಗೆಗೆ ನಂಬರ್ ಹಾಕಿ, ಒಳಗೇನಿದೆ ಅಂತ ಬಿಡಿಸಿ ಬರೆಯಿರಿ. "ಇತರೆ" ಅಂತ ಬರೆದ ಪೆಟ್ಟಿಗೆಯನ್ನೇ ಅಧಿಕಾರಿಗಳು ಮೊದಲು ಬಿಚ್ಚುತ್ತಾರೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆದರೆ ಕೊಳೆ ಮತ್ತು ಮರದ ಬಗ್ಗೆ ವಿಶೇಷ ಗಮನ ಕೊಡಿ. ಅಲ್ಲಿನ ಬೆಳೆಗೆ, ಕಾಡಿಗೆ ಹೊರಗಿನ ಹುಳ, ರೋಗ ಬರಬಾರದು ಅಂತ ತಪಾಸಣೆ ತುಂಬ ಕಟ್ಟುನಿಟ್ಟು. ಬೂಟಿನ ತಳದ ಮಣ್ಣು, ಸೈಕಲ್ ಟೈರು, ತೋಟದ ಸಲಕರಣೆ, ಟೆಂಟು, ಪೊರಕೆ, ಬೀಜವೋ ಹುಲ್ಲೋ ತುಂಬಿದ ಆಟಿಕೆ, ತೊಗಟೆ ಉಳಿದ ಮರ, ಎಲ್ಲವನ್ನೂ ನೋಡುತ್ತಾರೆ. ಸಿಕ್ಕರೆ ತೊಳೆಯುವ, ಹೊಗೆ ಹಾಕುವ, ಇಲ್ಲವೇ ನಾಶ ಮಾಡುವ ಖರ್ಚು ನಿಮ್ಮದೇ. ಮರದ ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿಸಿದರೆ ಯಾವ ದೇಶಕ್ಕಾದರೂ ಅದರ ಮೇಲೆ ಐಎಸ್‌ಪಿಎಂ 15ರ (ಪ್ಯಾಕಿಂಗ್ ಮರದಿಂದ ಹುಳ ಹರಡದಿರಲು ಇರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಇದೆಯಾ ನೋಡಿ. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯ್ದಿದೆ ಅನ್ನುವುದಕ್ಕೆ ಎಚ್‌ಟಿ ಅಂತ ಗುರುತು ಇರುತ್ತದೆ. ದಂತ, ಹವಳ, ಆಮೆಚಿಪ್ಪು, ಬೀಟೆ ಮರದ ಹಳೆಯ ವಸ್ತು ಮನೆಯಲ್ಲಿದ್ದರೆ ಅಳಿವಿನಂಚಿನ ಪ್ರಾಣಿ, ಗಿಡಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದದ ಪ್ರಕಾರ ಪರವಾನಗಿ ಬೇಕಾಗಬಹುದು. ಅಜ್ಜಿಯ ಕಾಲದ್ದು ಅನ್ನುವ ಒಂದೇ ಕಾರಣಕ್ಕೆ ಬಿಡುವುದಿಲ್ಲ.

ಮಕ್ಕಳ ಮಾತಿಗೆ ಬರುತ್ತೇನೆ. ದೊಡ್ಡವರ ಸಾಮಾನಿನಲ್ಲಿ ಎಷ್ಟು ಬೇಕಾದರೂ ಕಡಿಮೆ ಮಾಡಿ, ಮಕ್ಕಳದ್ದರಲ್ಲಿ ಕೈ ಬಿಗಿ ಮಾಡಬೇಡಿ. ದೇಶ ಬಿಡುವ ತೀರ್ಮಾನ ನಿಮ್ಮದು, ಅವರನ್ನು ಕೇಳಿ ಮಾಡಿದ್ದಲ್ಲ. ಒಂಬತ್ತು ವರ್ಷದ ಮಗುವಿಗೆ ಒಂದು ಖಾಲಿ ಪೆಟ್ಟಿಗೆ ಕೊಟ್ಟು, ಇದರಲ್ಲಿ ಹಿಡಿಯುವಷ್ಟು ನಿನ್ನಿಷ್ಟ, ಯಾರೂ ಬೇಡ ಅನ್ನುವುದಿಲ್ಲ ಅಂತ ಹೇಳಿ. ಮುರಿದ ಆಟಿಕೆ ಹಾಕಿಕೊಂಡರೂ ಬಾಯಿ ಹಾಕಬೇಡಿ. ನಾಲ್ಕು ವರ್ಷದ ಮಗುವಿನ ದಿನನಿತ್ಯದ ಹೊದಿಕೆ, ದಿಂಬಿನ ಕವರ್, ತಬ್ಬಿ ಮಲಗುವ ಗೊಂಬೆ ವಿಮಾನದಲ್ಲೇ ಬರಲಿ. ಹೊಸ ಜಾಗದಲ್ಲಿ ಮೊದಲ ವಾರ ಮಗು ನಿದ್ದೆ ಮಾಡಿದರೆ ಮನೆಯವರೆಲ್ಲ ನಿದ್ದೆ ಮಾಡುತ್ತೀರಿ. ಅವರಿಗೆ ಗೊತ್ತಾಗದ ಹಾಗೆ ಏನನ್ನೂ ಎಸೆಯಬೇಡಿ, ಯಾರಿಗೂ ಕೊಡಬೇಡಿ.

ಚೆಕ್-ಇನ್ ಸೂಟ್‌ಕೇಸುಗಳಲ್ಲಿ ಹಡಗು ಬರುವ ತನಕದ ಬದುಕು ಇರಲಿ. ಇಳಿಯುವ ತಿಂಗಳ ಹವೆಗೆ ತಕ್ಕ ಬಟ್ಟೆ, ಕೆಲಸದ ಮೊದಲ ದಿನಕ್ಕೊಂದು ಒಳ್ಳೆಯ ಜೊತೆ, ಇನ್ನೊಂದು ಕನ್ನಡಕ, ಕೆಲವೇ ಪಾತ್ರೆ. ತುಂಬ ಚಳಿ ದೇಶವಾದರೆ ದಪ್ಪ ಕೋಟನ್ನು ಅಲ್ಲೇ ಕೊಳ್ಳಿ. ಅಲ್ಲಿನ ಚಳಿಗೆ ಎಂಥದು ಬೇಕು ಅಂತ ಅಲ್ಲಿನ ಅಂಗಡಿಯವರಿಗೇ ಚೆನ್ನಾಗಿ ಗೊತ್ತು. ಒಂದೇ ಸೂಟ್‌ಕೇಸಿನಲ್ಲಿ ಒಬ್ಬರದ್ದೇ ಬಟ್ಟೆ ಇಡಬೇಡಿ, ಬೆರೆಸಿ ಇಡಿ. ಒಂದು ತಡವಾಗಿ ಬಂದರೂ ಎಲ್ಲರಿಗೂ ಹಾಕಿಕೊಳ್ಳಲು ಏನಾದರೂ ಇರುತ್ತದೆ.

ಈಗ ನಿಮ್ಮ ಪಟ್ಟಿಗೆ ನೇರ ಉತ್ತರ. ಫ್ರಿಜ್, ವಾಷಿಂಗ್ ಮಷಿನ್, ಸೋಫಾ ಬೇಡ. ಮಂಚವೂ ಬೇಡ. ಹಾಸಿಗೆಯ ಅಳತೆ ದೇಶದಿಂದ ದೇಶಕ್ಕೆ ಬೇರೆ, ಅಲ್ಲಿ ಕೊಂಡ ಹಾಸಿಗೆ ಈ ಮಂಚಕ್ಕೆ ಕೂರದಿರಬಹುದು. ಪುಸ್ತಕ ಹೋಗಲಿ. ಅಮ್ಮನ ಹೊಲಿಗೆ ಯಂತ್ರ ಖಂಡಿತ ಹೋಗಲಿ, ಅದು ಎಲ್ಲೂ ಮತ್ತೆ ಸಿಗುವುದಿಲ್ಲ. ಕೈಯದೋ ಕಾಲಿನದೋ ಆದರೆ ವೋಲ್ಟೇಜಿನ ಯೋಚನೆಯೇ ಇಲ್ಲ. ಮೋಟರ್ ಇದ್ದರೆ ಅದರ ಮೇಲಿನ ಚೀಟಿ ನೋಡಿ. ಮೇಜು ಮರದ್ದಾದರೆ ಯಂತ್ರವನ್ನು ಬಿಚ್ಚಿ ಬೇರೆಯಾಗಿ ಪ್ಯಾಕ್ ಮಾಡಿಸಿ. ಹೆಚ್ಚಾದ ಎಣ್ಣೆ ಒರೆಸಿ ತೆಗೆದು, ತುಕ್ಕು ಹಿಡಿಯದಂತೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಯಾಕೆಂದರೆ ಕಂಟೇನರ್ ಒಳಗೆ ಬಿಸಿಲು ಚಳಿಗೆ ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದೆ. ಇದೇ ಕಾರಣಕ್ಕೆ ಬಟ್ಟೆ, ಚರ್ಮದ ಸಾಮಾನು ಪೂರ್ತಿ ಒಣಗಿರಬೇಕು.

ಇವೆಲ್ಲ ಸೇರಿ ಎರಡು ಮೂರು ಘನ ಮೀಟರ್ ಒಳಗೆ ಮುಗಿಯುತ್ತದೆ. ಹಂಚಿಕೊಂಡ ಕಂಟೇನರ್ ಸಾಕು. ನಿಮ್ಮವರಿಗೆ ಆಗಲೂ ಮನಸ್ಸು ಒಪ್ಪದಿದ್ದರೆ, ಬಿಡಲು ಕಷ್ಟವಾಗುವ ಐದು ವಸ್ತುಗಳನ್ನು ಅವರೇ ಆರಿಸಲಿ. ಕಾರಣ ಕೇಳಬೇಡಿ, ಅಳತೆ ಮಾತ್ರ ತೆಗೆದುಕೊಳ್ಳಿ. ಅಳತೆಗೆ ಬರುವ ಕಂಪನಿಯವರಿಗೆ ಆ ಐದನ್ನು ಸೇರಿಸಿ ಒಂದು ದರ, ಬಿಟ್ಟು ಒಂದು ದರ ಕೇಳಿ. ಎರಡೂ ಕಾಗದ ಮುಂದಿಟ್ಟುಕೊಂಡು ಇಬ್ಬರೂ ಕೂತು ಮಾತಾಡಿ.